ದೇವಸ್ಥಾನದ ಪಾತ್ರೆ ಮತ್ತು ಕರ್ನಲ್ ಮೆಮೊರಿ

ನಮ್ಮೂರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅಡುಗೆ ಪಾತ್ರೆ ಬರ್ತಿದ್ದದ್ದು ದೇವಸ್ಥಾನದಿಂದ. ಹಂಡೆ, ಕೊಳಗ, ಸೌಟು, ಲೋಟ, ಎಲ್ಲಕ್ಕೂ ಲೆಕ್ಕ. ಒಯ್ಯುವಾಗ ಪುಸ್ತಕದಲ್ಲಿ ಬರೆಸಬೇಕು, ತೊಳೆದು ವಾಪಸ್ ತಂದಾಗ ಹೆಸರು ಹೊಡೆಸಬೇಕು. ಆ ಪುಸ್ತಕ ಇಟ್ಟುಕೊಂಡಿದ್ದವರು ನನ್ನ ತಾತ. ಬಿಇ ಓದುವಾಗ ನನಗೆ ಇದೆಲ್ಲ ಹಳೇ ಕಾಲದ ಲೆಕ್ಕಾಚಾರ ಅನ್ನಿಸಿತ್ತು. ಅದೇ ಲೆಕ್ಕ ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗೂ ಇದೆ ಅಂತ ಗೊತ್ತಾದದ್ದು ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಮೊದಲ ಕೆಲಸ ಮಾಡುವಾಗ.

ನಾನು ಬರೆದಿದ್ದು ಒಂದು ನೆಟ್‌ವರ್ಕ್ ಕಾರ್ಡಿನ ಡ್ರೈವರ್. ನಮ್ಮ ಲ್ಯಾಬಿನಲ್ಲಿ ವಾರಗಟ್ಟಲೆ ಓಡ್ತಿತ್ತು. ಗ್ರಾಹಕರ ಜಾಗದಲ್ಲಿ ಮಾತ್ರ ಮೂರು ದಿನಕ್ಕೊಮ್ಮೆ ಯಂತ್ರ ನಿಂತುಹೋಗ್ತಿತ್ತು. ಅಲ್ಲಿ ಬೈಗುಳ ತಿನ್ನುತ್ತಿದ್ದವನು ನನ್ನ ಸಹೋದ್ಯೋಗಿ. ಮೆಮೊರಿ ಸಾಲುತ್ತಿಲ್ಲ ಅಂತ ಎರಡು ಪಟ್ಟು ಹಾಕಿದೆವು. ಆಮೇಲೆ ಆರು ದಿನಕ್ಕೊಮ್ಮೆ ನಿಲ್ಲತೊಡಗಿತು!

ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ರಾತ್ರಿ ನಿದ್ದೆ ಬರದೆ ಈ ಬಫರ್‌ಗಳ ಇತಿಹಾಸ ಓದಲು ಕೂತೆ.

ಮೊದಲು ಸಮಸ್ಯೆ ಏನು ಅಂತ ನೋಡಿ. ನೆಟ್‌ವರ್ಕಿನಿಂದ ಬರುವ ಪ್ಯಾಕೆಟ್ ಹೇಳದೆ ಕೇಳದೆ ಬರುವ ನೆಂಟರ ಹಾಗೆ. ಕಾರ್ಡು ಪ್ರೊಸೆಸರಿಗೆ ಇಂಟರಪ್ಟ್ ಕೊಟ್ಟ ಕ್ಷಣದಲ್ಲಿ ಕರ್ನಲ್ ‘ಸ್ವಲ್ಪ ತಡಿ, ಮೆಮೊರಿ ಖಾಲಿಯಾಗಲಿ’ ಅನ್ನುವ ಹಾಗಿಲ್ಲ, ಅಲ್ಲಿ ನಿದ್ದೆ ಮಾಡುವಂತಿಲ್ಲ. ಪಾತ್ರೆ ಕೈಗೆ ಸಿಗುವಂತೆ ಮೊದಲೇ ಇರಬೇಕು, ಇಲ್ಲದಿದ್ದರೆ ಪ್ಯಾಕೆಟ್ಟನ್ನು ಬಿಸಾಕಬೇಕು.

1980ರ ದಶಕದ ಆರಂಭದಲ್ಲಿ ಬಿಬಿಎನ್ ಕಂಪನಿಯ ರಾಬ್ ಗುರ್ವಿಟ್ಜ್ ವ್ಯಾಕ್ಸ್ ಯಂತ್ರದ ಯೂನಿಕ್ಸಿಗೆ ಟಿಸಿಪಿ/ಐಪಿ ಬರೆದರು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಅದನ್ನು ತಿದ್ದಿ ಬೆಳೆಸಿದರು. 1983ರ ಆಗಸ್ಟಿನಲ್ಲಿ ಬಂದ 4.2ಬಿಎಸ್‌ಡಿಯಲ್ಲಿ ಇದ್ದ ಪಾತ್ರೆಯ ಹೆಸರು ‘ಎಂಬಫ್’. ಅಳತೆ 128 ಬೈಟ್. ಅದರಲ್ಲಿ ಡೇಟಾಗೆ 112, ಉಳಿದ 16 ಲೆಕ್ಕ ಬರೆದುಕೊಳ್ಳೋದಕ್ಕೆ. ಇಷ್ಟು ಚಿಕ್ಕದು ಯಾಕೆ? ಆಗ ಇಡೀ ಯಂತ್ರಕ್ಕೆ ಇದ್ದದ್ದೇ ಕೆಲವು ಮೆಗಾಬೈಟ್. ಟೆಲ್ನೆಟ್ಟಿನಲ್ಲಿ ಒಂದು ಕೀ ಒತ್ತಿದರೆ ಒಂದು ಬೈಟ್ ಡೇಟಾ, 40 ಬೈಟ್ ಹೆಡರ್. ಲೋಟದಷ್ಟು ನೀರಿಗೆ ಹಂಡೆ ಕೊಡುವುದು ದಂಡ. ಫೈಲ್ ಕಳಿಸುವವರಿಗೆ ಬೇರೆ ದೊಡ್ಡ ಪಾತ್ರೆ ಇತ್ತು, 1024 ಬೈಟಿನ ಕ್ಲಸ್ಟರ್. ಹೆಡರ್ ಸೇರಿಸಬೇಕಾದರೆ ಮುಂದೆ ಇನ್ನೊಂದು ಎಂಬಫ್ ಕೊಂಡಿ ಹಾಕಿದರಾಯ್ತು, ಹಳೆಯದನ್ನು ನಕಲು ಮಾಡಬೇಕಿಲ್ಲ.

ಇದರಲ್ಲಿ ಇನ್ನೊಂದು ಜಾಣತನವಿದೆ. ಕಳಿಸಿದ್ದು ತಲುಪಿತು ಅಂತ ಉತ್ತರ ಬರುವವರೆಗೆ ಟಿಸಿಪಿ ತನ್ನ ಪ್ರತಿ ಇಟ್ಟುಕೊಂಡಿರಬೇಕು. ಕ್ಲಸ್ಟರ್ ಅನ್ನು ನಕಲು ಮಾಡುವ ಬದಲು ಅದನ್ನು ಎಷ್ಟು ಜನ ಹಿಡಿದಿದ್ದಾರೆ ಅಂತ ಎಣಿಕೆ ಇಟ್ಟರು. ಎಣಿಕೆ ಸೊನ್ನೆಯಾದಾಗ ಪಾತ್ರೆ ವಾಪಸ್. ಥೇಟ್ ತಾತನ ಪುಸ್ತಕ!

ಮುಂದೆ 1988ರಲ್ಲಿ ಮೆಕ್ಯೂಸಿಕ್ ಮತ್ತು ಕ್ಯಾರಲ್ಸ್ ಬಿಎಸ್‌ಡಿ ಕರ್ನಲ್ಲಿಗೆಲ್ಲ ಸಾಮಾನ್ಯವಾದ ಒಂದು ಮೆಮೊರಿ ಹಂಚಿಕೆ ತಂದರು. 1994ರಲ್ಲಿ ಸನ್ ಕಂಪನಿಯ ಜೆಫ್ ಬಾನ್ವಿಕ್ ‘ಸ್ಲ್ಯಾಬ್’ ವಿಧಾನ ಕೊಟ್ಟರು: ಒಂದೊಂದು ಬಗೆಯ ವಸ್ತುವಿಗೂ ಒಂದೊಂದು ಕಪಾಟು. ಲಿನಕ್ಸ್ ಕೂಡ ಅದನ್ನೇ ಆಮೇಲೆ ತೆಗೆದುಕೊಂಡಿತು.

ಆದರೆ ಪ್ಯಾಕೆಟ್ ವಿಚಾರದಲ್ಲಿ ಲಿನಕ್ಸ್ ದಾರಿ ಬೇರೆ. ರಾಸ್ ಬೈರೋ, ಫ್ರೆಡ್ ವಾನ್ ಕೆಂಪನ್ ಆದಮೇಲೆ ಅಲನ್ ಕಾಕ್ಸ್ ಕೈಯಲ್ಲಿ ಬೆಳೆದ ‘ಎಸ್‌ಕೆ ಬಫ್’ನಲ್ಲಿ ಸಣ್ಣ ಲೋಟಗಳ ಸರಪಳಿ ಇರಲಿಲ್ಲ. ಇಡೀ ಪ್ಯಾಕೆಟ್ಟಿಗೆ ಒಂದೇ ಅಖಂಡ ಜಾಗ, ಮುಂದೆ ಬರುವ ಹೆಡರುಗಳಿಗೆ ಮೊದಲೇ ಬಿಟ್ಟ ಖಾಲಿ ತಲೆಭಾಗ. ಅಷ್ಟು ಹೊತ್ತಿಗೆ ಮೆಮೊರಿ ಅಗ್ಗವಾಗಿತ್ತು, ಕೊಂಡಿ ಹುಡುಕುತ್ತಾ ಹೋಗುವ ಸಮಯ ದುಬಾರಿ ಅನ್ನಿಸತೊಡಗಿತ್ತು. ಇಂಟರಪ್ಟಿನೊಳಗೆ ಕೇಳುವಾಗ ಲಿನಕ್ಸಿನಲ್ಲಿ ‘ಜಿಎಫ್‌ಪಿ ಅಟಾಮಿಕ್’ ಅಂತ ಕೇಳುತ್ತಾರೆ. ಅಂದರೆ, ಇದ್ದರೆ ಈಗಲೇ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು.

ಇಷ್ಟು ಓದಿದ ಮೇಲೂ ನನ್ನ ಪಾತ್ರೆ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗಲಿಲ್ಲ. ಭಾನುವಾರ ಮನೆಗೆ ಫೋನ್ ಮಾಡಿದಾಗ ತಾತನನ್ನ ಸುಮ್ಮನೆ ಕೇಳಿದೆ, ‘ನಿಮ್ಮ ಪಾತ್ರೆ ಕಳೆದುಹೋಗ್ತಿದ್ದದ್ದು ಹೇಗೆ?’

‘ಮದುವೆ ಆದ ಮನೆಯವರು ತಾವೇ ತಂದು ಕೊಡ್ತಾರೆ ಕಣೋ. ಮದುವೆ ನಿಂತುಹೋದ ಮನೆಗೆ ನಾವೇ ಹೋಗಿ ಕೇಳಬೇಕು. ಆ ಗಲಾಟೇಲಿ ಪಾತ್ರೆ ನೆನಪು ಯಾರಿಗಿರುತ್ತೆ?’

ಸೋಮವಾರ ಬೆಳಿಗ್ಗೆ ಕೋಡ್ ತೆಗೆದು ಮದುವೆ ನಿಂತ ಕಡೆಗಳನ್ನಷ್ಟೇ ನೋಡಿದೆ. ಪ್ಯಾಕೆಟ್ ಕೆಟ್ಟಿದೆ ಅಂತ ಕಾರ್ಡು ಹೇಳಿದರೆ ನನ್ನ ಫಂಕ್ಷನ್ ಅಲ್ಲಿಂದಲೇ ವಾಪಸ್ ಬರ್ತಿತ್ತು, ತೆಗೆದುಕೊಂಡ ಬಫರನ್ನು ಬಿಡದೆ. ನಮ್ಮ ಲ್ಯಾಬಿನ ಕೇಬಲ್ ಹೊಸದು, ಕೆಟ್ಟ ಪ್ಯಾಕೆಟ್ ಬರ್ತಾನೇ ಇರಲಿಲ್ಲ. ಗ್ರಾಹಕರ ಕೇಬಲ್ ಹಳೆಯದು. ಬೇಕಾಗಿದ್ದದ್ದು ಒಂದೇ ಸಾಲು. ತಪ್ಪು ನನ್ನದೇ ಅಂತ ಮೀಟಿಂಗಿನಲ್ಲಿ ಹೇಳಿದೆ. ಬೈಗುಳ ತಿಂದ ಗೆಳೆಯನಿಗೆ ಜಯನಗರದಲ್ಲಿ ಮಸಾಲೆ ದೋಸೆ ಕೊಡಿಸಿ ಕ್ಷಮೆ ಕೇಳಿದೆ.

ಮೆಮೊರಿ ಜಾಸ್ತಿ ಹಾಕಿದರೆ ಎಲ್ಲ ಸರಿಹೋಗುತ್ತೆ ಅನ್ನುವ ಭ್ರಮೆ ನಮ್ಮೊಬ್ಬರದಲ್ಲ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ತಮ್ಮ ಮನೆಯ ಇಂಟರ್ನೆಟ್ ಯಾಕೆ ಎಳೆಯುತ್ತಿದೆ ಅಂತ ಹುಡುಕಿ, ರೂಟರು ಮೋಡೆಮ್ಮುಗಳಲ್ಲಿ ಅತಿ ದೊಡ್ಡ ಬಫರ್ ಇಟ್ಟಿರೋದೇ ರೋಗ ಅಂದರು. ಅದರ ಹೆಸರು ‘ಬಫರ್‌ಬ್ಲೋಟ್’. ಪ್ಯಾಕೆಟ್ ಕಳೆಯಬಾರದು ಅಂತ ಸಾಲಿನಲ್ಲಿ ನಿಲ್ಲಿಸುತ್ತಾ ಹೋದರೆ ಎಲ್ಲರಿಗೂ ತಡ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ‘ಕೋಡೆಲ್’ ತಂದರು. ಸಾಲು ಎಷ್ಟು ಉದ್ದ ಅನ್ನೋದು ಅದಕ್ಕೆ ಮುಖ್ಯವಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡಿ ಕೆಲವನ್ನು ಬಿಸಾಕುತ್ತದೆ. ಕಳಿಸುವವನಿಗೆ ಆಗ ನಿಧಾನ ಮಾಡಬೇಕು ಅಂತ ತಿಳಿಯುತ್ತದೆ.

ಈಗ ನಮ್ಮೂರಿನ ಮದುವೆಗೂ ಕೇಟರಿಂಗ್‌ನವರು ಪಾತ್ರೆ ಸಮೇತ ಬರ್ತಾರೆ. ತಾತ ಇಲ್ಲ. ಹೊಸ ಹುಡುಗ ಹುಡುಗಿಯರ ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ಕೇಳೋದು ಮಾತ್ರ ಅವರದೇ ಪ್ರಶ್ನೆ: ಮದುವೆ ನಿಂತರೆ ಪಾತ್ರೆ ಯಾರು ವಾಪಸ್ ತರ್ತಾರೆ?