ಸಸ್ಯಭಿತ್ತಿಯ ಮೂಲ: ಒಂದು ವಿಚಾರ

ನೆಲದ ಹಂಗಿಲ್ಲದೆ ಗೋಡೆಯ ಮೇಲೆ, ಕಟ್ಟಡದ ಒಳಗೂ ಹೊರಗೂ, ಗಿಡಗಳನ್ನು ಬೆಳೆಸುವ ಪದ್ಧತಿಗೆ ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂ ಅವರೇ ಮೂಲಪುರುಷರೆಂಬ ಮಾತು ಬಹುವಾಗಿ ಬಳಕೆಯಲ್ಲಿದೆ. ಆಧಾರಗಳೊಡನೆ ಅದನ್ನು ಒರೆಗೆ ಹಚ್ಚಿ ನೋಡುವುದು ಇಲ್ಲಿ ನಮ್ಮ ಉದ್ದೇಶ.

1938ರ ಏಪ್ರಿಲ್ 5ರಂದು ಅಮೆರಿಕದ ಸ್ಟ್ಯಾನ್ಲಿ ಹಾರ್ಟ್ ವೈಟ್ ಎಂಬವರಿಗೆ 2,113,523ನೆಯ ಸಂಖ್ಯೆಯ ಪೇಟೆಂಟು ದೊರೆಯಿತು. ಅವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉದ್ಯಾನವಾಸ್ತುವಿನ ಪ್ರಾಧ್ಯಾಪಕರು. ಮಕ್ಕಳ ಕಥೆಗಳಿಂದ ಹೆಸರಾದ ಇ. ಬಿ. ವೈಟರ ಅಣ್ಣ. ಬೇಕಾದ ಆಕಾರಕ್ಕೆ, ಬೇಕಾದ ಎತ್ತರಕ್ಕೆ ಕಟ್ಟಬಹುದಾದ, ಕಾಣುವ ಮೈಯೆಲ್ಲ ಸಸ್ಯಗಳಿಂದ ಹೊದೆದಿರುವ ರಚನೆಯೊಂದನ್ನು ಆ ಪತ್ರವು ವಿವರಿಸುತ್ತದೆ. ಅದರ ಘಟಕಗಳನ್ನು ವೈಟರು 'ಸಸ್ಯದ ಇಟ್ಟಿಗೆ'ಗಳೆಂದು ಕರೆದರು. ಅರ್ಬಾನಾದ ತಮ್ಮ ಹಿತ್ತಲಿನಲ್ಲಿ ಮಾದರಿಗಳನ್ನು ಕಟ್ಟಿಯೂ ನೋಡಿದರು. ಇದನ್ನು ವಿದ್ವಾಂಸರ ಮುಂದೆ ವಿಸ್ತಾರವಾಗಿ ಇರಿಸಿದ್ದು ರಿಚರ್ಡ್ ಹಿಂಡಲ್ ಅವರ 2012ರ ಪ್ರಬಂಧ. ಯಾರು ಬೇಕಾದರೂ ತೆಗೆದು ಓದಬಹುದಾಗಿದ್ದ ಸರ್ಕಾರಿ ದಾಖಲೆಯತ್ತ ಅಲ್ಲಿಯವರೆಗೆ ಹೆಚ್ಚಿನವರ ಗಮನ ಹರಿಯದೆ ಹೋದದ್ದು, ದಾಖಲೆಗಳನ್ನೇ ನಂಬಿ ಬಾಳುವ ನಮ್ಮಂಥವರಿಗೆ ಸ್ವಲ್ಪ ನಾಚಿಕೆಯ ಸಂಗತಿಯೇ.

ಹಾಗಾದರೆ ಬ್ಲಾಂ ಅವರನ್ನು ವೈಟರ ಅನುಯಾಯಿಯೆನ್ನಬಹುದೆ? ಹಾಗೆನ್ನಲು ನಾವು ಸಿದ್ಧರಿಲ್ಲ. ಕಾಲದಲ್ಲಿ ಮುಂಚಿನವರೆಂಬ ಮನ್ನಣೆ ವೈಟರಿಗೆ ಸಲ್ಲತಕ್ಕದ್ದೇ. ಆದರೆ ಇಬ್ಬರೂ ಹೊರಟ ದಾರಿಗಳು ಬೇರೆ. ವೈಟರದು ಇಟ್ಟಿಗೆ ಜೋಡಿಸುವ ವಾಸ್ತುಕಾರನ ಯೋಚನೆ. ಆ ಇಟ್ಟಿಗೆಯೊಳಗೆ ಬೇರು ಹಿಡಿಯುವ ಪದಾರ್ಥ ತುಂಬಿರಬೇಕು. ಬ್ಲಾಂ ಹೊರಟಿದ್ದು ಬಾಲ್ಯದ ಮೀನಿನ ತೊಟ್ಟಿಯಿಂದ. ಅದರ ನೀರನ್ನು ಶುದ್ಧಗೊಳಿಸಲು ಗಿಡದ ಬೇರುಗಳನ್ನು ಇಳಿಬಿಟ್ಟು ನೋಡಿದ ಹುಡುಗನು, 1972ರಲ್ಲಿ ಥಾಯ್ಲೆಂಡ್, ಮಲೇಷಿಯಾಗಳ ಕಾಡುಗಳಲ್ಲಿ ಬಂಡೆಗಳ ಮೇಲೆ ಮಣ್ಣಿಲ್ಲದೆ ಬೆಳೆದ ಸಸ್ಯಗಳನ್ನು ಕಂಡನು. ಅವರ ಭಿತ್ತಿಯ ರಚನೆ ಹೀಗಿದೆ: ಲೋಹದ ಚೌಕಟ್ಟು, ಅದರ ಮೇಲೆ 10 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಲಗೆ, ಹಲಗೆಗೆ ಬಿಗಿದ ಫೆಲ್ಟ್ ಬಟ್ಟೆ. ಮೇಲಿನ ಕೊಳವೆಯಿಂದ ಲವಣ ಬೆರೆತ ನೀರು ತೊಟ್ಟಿಕ್ಕುತ್ತದೆ. ಬೇರುಗಳು ಬಟ್ಟೆಯಲ್ಲಿಯೇ ಹರಡಿಕೊಳ್ಳುತ್ತವೆ. ಗಿಡಗಳೂ ಸೇರಿ ಚದರ ಮೀಟರಿಗೆ 30 ಕಿಲೋಗ್ರಾಮಿಗಿಂತ ಕಡಿಮೆ ಭಾರ. ಮಣ್ಣನ್ನು ತೊರೆದುದರಿಂದಲೇ ಕೋಣೆಯ ಒಳಗೋಡೆಯೂ ಇದನ್ನು ಹೊರಬಲ್ಲುದಾಯಿತು. ಬಿಸಿಲಿನ ಕೊರತೆಯನ್ನು ಮಾತ್ರ ವಿದ್ಯುದ್ದೀಪಗಳಿಂದ ತುಂಬಬೇಕು. ಪ್ಯಾರಿಸಿನಲ್ಲಿ 2006ರಲ್ಲಿ ತೆರೆದ ಕೆ ಬ್ರಾನ್ಲಿ ವಸ್ತುಸಂಗ್ರಹಾಲಯದ ಹೊರಮೈಯಲ್ಲಿ ಇದೇ ಕ್ರಮ ಸುಮಾರು 800 ಚದರ ಮೀಟರ್ ಹಬ್ಬಿದೆ.

ಆಗಿನ ಅಮೆರಿಕದ ಕಾನೂನಿನಂತೆ ಪೇಟೆಂಟಿನ ಅವಧಿ 17 ವರ್ಷ. ವೈಟರದು 1955ರ ಏಪ್ರಿಲಿನಲ್ಲಿ ಮುಗಿಯಿತು. 1953ರ ಜೂನಿನಲ್ಲಿ ಹುಟ್ಟಿದ ಬ್ಲಾಂ ಅವರಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.