ಶ್ವಾಸಕೋಶ ಆಮ್ಲಜನಕವನ್ನು ಸ್ರವಿಸುತ್ತದೆಯೇ? ಒಂದು ವಿವಾದದ ಚರಿತ್ರೆ

ಶ್ವಾಸಕೋಶದ ವಾಯುಕೋಶಗಳಲ್ಲಿ ಆಮ್ಲಜನಕದ ಒತ್ತಡ ಪಾದರಸದ ಸುಮಾರು 100 ಮಿಲಿಮೀಟರ್. ಅಲ್ಲಿಗೆ ಬರುವ ರಕ್ತದಲ್ಲಿ ಸುಮಾರು 40. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅನಿಲ ತಾನಾಗಿಯೇ ಹರಿಯುತ್ತದೆ; ಇದೇ ವಿಸರಣೆ. ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಮುಗಿಸುವ ಈ ಮಾತು ಸ್ಥಿರವಾಗಲು ಮೂರು ದಶಕಗಳ ವಾದ ಬೇಕಾಯಿತು.

ಕೋಪನ್‌ಹೇಗನ್ನಿನ ಶರೀರಶಾಸ್ತ್ರಜ್ಞ ಕ್ರಿಶ್ಚಿಯನ್ ಬೋರ್ (ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ) 1891ರಲ್ಲಿ ಬೇರೆಯೇ ಮಾತು ಹೇಳಿದರು. ಅವರ ಕೆಲವು ಪ್ರಯೋಗಗಳಲ್ಲಿ ಅಪಧಮನಿಯ ರಕ್ತದ ಆಮ್ಲಜನಕದ ಒತ್ತಡ ವಾಯುಕೋಶದ್ದಕ್ಕಿಂತ ಹೆಚ್ಚಿತ್ತು. ಹಾಗಿದ್ದರೆ ಗ್ರಂಥಿ ರಸ ಸ್ರವಿಸುವಂತೆ ಶ್ವಾಸಕೋಶವೂ ಆಮ್ಲಜನಕವನ್ನು ರಕ್ತಕ್ಕೆ ತಳ್ಳುತ್ತಿರಬೇಕು. ಇದು ಬರೀ ಕಲ್ಪನೆಯಾಗಿರಲಿಲ್ಲ. ಮೀನಿನ ಗಾಳಿಚೀಲಕ್ಕೆ ಆಮ್ಲಜನಕ ನಿಜವಾಗಿಯೂ ಸ್ರವಿಕೆಯಿಂದಲೇ ಸೇರುತ್ತದೆ. ಬೋರ್ ಅವರ ತಪ್ಪು ತರ್ಕದಲ್ಲಿ ಇರಲಿಲ್ಲ, ಅಳತೆಯಲ್ಲಿ ಇತ್ತು ಎಂಬುದು ನನ್ನ ಅಭಿಪ್ರಾಯ.

ಅಳತೆಯನ್ನು ತಿದ್ದಿದವರು ಅವರದೇ ಪ್ರಯೋಗಾಲಯದಲ್ಲಿ ಬೆಳೆದ ಆಗಸ್ಟ್ ಕ್ರೋ. ಹರಿಯುವ ರಕ್ತಕ್ಕೆ ತೀರ ಸಣ್ಣ ಗಾಳಿಗುಳ್ಳೆಯೊಂದನ್ನು ತಾಗಿಸಿಟ್ಟರೆ, ಗುಳ್ಳೆಯ ಅನಿಲ ಬೇಗನೆ ರಕ್ತದೊಡನೆ ಸಮತೋಲಕ್ಕೆ ಬರುತ್ತದೆ. ಆಮೇಲೆ ಗುಳ್ಳೆಯನ್ನು ವಿಶ್ಲೇಷಿಸಿದರೆ ಸಾಕು. ಈ ಉಪಕರಣದಿಂದ ಅವರೂ ವೈದ್ಯೆಯಾಗಿದ್ದ ಅವರ ಪತ್ನಿ ಮೇರಿ ಕ್ರೋ ಅವರೂ ಅಳೆದಾಗ, ರಕ್ತದ ಆಮ್ಲಜನಕದ ಒತ್ತಡ ವಾಯುಕೋಶದ್ದನ್ನು ಮೀರಲೇ ಇಲ್ಲ. 1910ರಲ್ಲಿ ಪ್ರಕಟವಾದ ಏಳು ಪ್ರಬಂಧಗಳು ‘ಏಳು ಪುಟ್ಟ ಪಿಶಾಚಿಗಳು’ ಎಂದೇ ಹೆಸರಾದವು. ಗುರುವಿನ ಮತವನ್ನು ಅಲ್ಲಗಳೆಯುವಾಗಲೂ ಕ್ರೋ ತಾವು ಅವರಿಗೆ ಋಣಿ ಎಂಬುದನ್ನು ಅಲ್ಲಿಯೇ ಸ್ಮರಿಸಿದ್ದಾರೆ. ಆ ಸಂಯಮ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವಾದದ್ದು. ಬೋರ್ 1911ರಲ್ಲಿ ತೀರಿಕೊಂಡರು.

ವಾದ ಅಲ್ಲಿಗೇ ನಿಲ್ಲಲಿಲ್ಲ. ಆಕ್ಸ್‌ಫರ್ಡಿನ ಜಾನ್ ಸ್ಕಾಟ್ ಹಾಲ್ಡೇನ್ ಅದೇ ವರ್ಷ ಸಂಗಡಿಗರೊಂದಿಗೆ ಅಮೆರಿಕದ ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಏರಿದರು. ವಿಶ್ರಾಂತಿಯಲ್ಲಿ ವಿಸರಣೆ ಸಾಲಬಹುದು, ಆದರೆ ಎತ್ತರಕ್ಕೆ ಒಗ್ಗಿಕೊಂಡ ದೇಹದಲ್ಲಿ ಶ್ವಾಸಕೋಶ ಸ್ರವಿಸಲು ತೊಡಗುತ್ತದೆ ಎಂಬುದು ಅವರ ನಿಲುವು. ಅವರು ರಕ್ತವನ್ನು ನೇರವಾಗಿ ಅಳೆಯಲಿಲ್ಲ. ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಕೊಟ್ಟು, ಹಿಮೋಗ್ಲೋಬಿನ್ನಿಗಾಗಿ ಅದು ಆಮ್ಲಜನಕದೊಡನೆ ನಡೆಸುವ ಪೈಪೋಟಿಯಿಂದ ಲೆಕ್ಕ ಹಾಕಿದರು. ಇಂಥ ಸುತ್ತುಬಳಸಿನ ವಿಧಾನದಲ್ಲಿ ಸಣ್ಣ ದೋಷವೂ ದೊಡ್ಡ ತೀರ್ಮಾನವಾಗುತ್ತದೆ.

1920ರಲ್ಲಿ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ಗಾಜಿನ ಕೋಣೆಯೊಂದರಲ್ಲಿ ಆರು ದಿನ ಕಳೆದರು. ಒಳಗಿನ ಆಮ್ಲಜನಕವನ್ನು ಕ್ರಮೇಣ ತಗ್ಗಿಸುತ್ತ ಬಂದು, ಕೊನೆಗೆ ತಮ್ಮ ಮುಂಗೈಯ ಅಪಧಮನಿಯಿಂದಲೇ ರಕ್ತ ತೆಗೆಸಿದರು. ವಿಶ್ರಾಂತಿಯಲ್ಲಿಯೂ ಶ್ರಮದಲ್ಲಿಯೂ ಸ್ರವಿಕೆಯ ಸುಳಿವು ಸಿಗಲಿಲ್ಲ. ಮುಂದೆ 1921–22ರಲ್ಲಿ ಪೆರುವಿನ ಸೆರ್ರೊ ಡಿ ಪಾಸ್ಕೊದಲ್ಲಿ ನಡೆಸಿದ ಅಧ್ಯಯನವೂ ವಿಸರಣೆಯನ್ನೇ ಎತ್ತಿಹಿಡಿಯಿತು. ಹಾಲ್ಡೇನ್ ಮಾತ್ರ 1936ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ನಂಬಿಕೆಯನ್ನು ಪೂರ್ತಿ ಬಿಟ್ಟುಕೊಡಲಿಲ್ಲ.

ಈ ಚರಿತ್ರೆಯಲ್ಲಿ ಮೇರಿ ಕ್ರೋ ಅವರ ಹೆಸರು ಗಂಡನ ಹೆಸರಿನ ಹಿಂದೆ ಮರೆಯಾಗಬಾರದು. ಅತ್ಯಲ್ಪ ಕಾರ್ಬನ್ ಮೊನಾಕ್ಸೈಡ್ ಬೆರೆತ ಗಾಳಿಯನ್ನು ಒಳಗೆಳೆದು, ಕೆಲ ಕ್ಷಣ ಉಸಿರು ಹಿಡಿದು ಬಿಟ್ಟಾಗ ಎಷ್ಟು ಅನಿಲ ರಕ್ತಕ್ಕೆ ಸೇರಿತೆಂದು ಅಳೆಯುವ ವಿಧಾನವನ್ನು ಅವರು 1915ರಲ್ಲಿ ಪ್ರಕಟಿಸಿದರು. ಶ್ವಾಸಕೋಶದ ವಿಸರಣ ಸಾಮರ್ಥ್ಯವನ್ನು ಅಳೆಯಲು ಇಂದಿನ ಆಸ್ಪತ್ರೆಗಳಲ್ಲಿ ಮಾಡುವ ಪರೀಕ್ಷೆ ಅದರಿಂದಲೇ ಬೆಳೆದುಬಂದದ್ದು.