ಕರೆ ಬಂದರೆ ಹೊರಡುವ ತಂತಿಯಾಳು

ಓದುಗರೇ, ಚಾಮರಾಜನಗರದಿಂದ ಗುಂಡ್ಲುಪೇಟೆ ಸೀಮೆಯ ಕಡೆ ಹೋಗುವಾಗ ಉಡಿಗಾಲದ ಬಳಿ ಕೊಂಚ ನಿಂತು ಒಂದು ಲೆಕ್ಕ ಹಾಕಿ ನೋಡಿ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಪಶ್ಚಿಮದ ಕಡೆಗೆ ಗುಂಡ್ಲುಪೇಟೆಯಾಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮೊದಲ ಬೆಟ್ಟದಲ್ಲಿ ಶತ್ರು ಕಂಡಿದ್ದಾನೆ. ಆ ಸುದ್ದಿ ಹೊತ್ತು ಮುಳುಗುವುದರೊಳಗೆ ಎರಡನೆಯ ಬೆಟ್ಟ ಸೇರಬೇಕು. ಹೇಗೆ?

ಓಟದಾಳನ್ನು ಕಳಿಸಿದರೆ ಹೊತ್ತು ಮೀರುತ್ತದೆ. ಕುದುರೆ ಸವಾರನಿಗೆ ಕಾಡೂ ಕಣಿವೆಯೂ ಅಡ್ಡ. ಕನ್ನಡಿಯಿಂದ ಬಿಸಿಲು ಹಾಯಿಸಿ ಸಂಕೇತ ಕೊಡಬಹುದು. ಹೀಲಿಯೋಗ್ರಾಫ್ ಎಂಬ ಆ ಉಪಕರಣವನ್ನು ಸೇನೆಗಳು ಬಹುಕಾಲ ಬಳಸಿದವು. ಆದರೆ ಮಂಜು ಮುಸುಕಿದರೆ ಕನ್ನಡಿ ಕುರುಡು. ಗೋಪಾಲಸ್ವಾಮಿಗೆ ಹಿಮವದ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲವಷ್ಟೆ! ತಂತಿ ಎಳೆದರೆ ಕೆಲಸ ಸಲೀಸು, ಯಾರಾದರೂ ಕತ್ತರಿಸುವ ತನಕ. ಉಳಿದದ್ದು ವೈರ್‌ಲೆಸ್. ಅದಕ್ಕೆ ಬ್ಯಾಟರಿ ಬೇಕು, ಅದಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು. ಬಂದೂಕು ಹಿಡಿಯುವುದನ್ನು ಕೆಲವು ವಾರಗಳಲ್ಲಿ ಕಲಿಸಬಹುದು. ಕಿವಿಗೆ ಬಿದ್ದ ಮೋರ್ಸ್ ಸದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವುದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕಿತ್ತು. ಯುದ್ಧ ಶುರುವಾದ ಮೇಲೆ ಅಂಥವರನ್ನು ಹುಡುಕುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ನಾಗರಿಕರ ಸಂಪರ್ಕ ವ್ಯವಸ್ಥೆ ರಾಜ್ಯದ ರಕ್ಷಣೆಗೂ ಒದಗುವುದು ನಮ್ಮ ನಾಡಿಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ಮೈಸೂರು ಅಂಚೆ ಕಾಗದವನ್ನಷ್ಟೇ ಹೊರುತ್ತಿರಲಿಲ್ಲ. ಸೀಮೆಯಲ್ಲಿ ನಡೆದದ್ದನ್ನು ಅರಮನೆಗೆ ಗುಟ್ಟಾಗಿ ತಿಳಿಸುವ ಕೆಲಸವೂ ಅಂಚೆಯವರದೇ ಆಗಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು.

ಸೇನೆಯೊಳಗಿನ ತಂತಿ ಕೆಲಸ ಮೊದಲು ಸ್ಯಾಪರ್‌ಗಳದು. ಮದ್ರಾಸ್ ಸ್ಯಾಪರ್‌ಗಳ ನೆಲೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇದೆ. 1911ರ ಫೆಬ್ರವರಿ 15ರಂದು ಪ್ರತ್ಯೇಕ ಸಿಗ್ನಲ್ ಕಂಪನಿಗಳು ಹುಟ್ಟಿದವು. ಸಿಗ್ನಲ್ಸ್ ದಳ ಇಂದಿಗೂ ಆ ದಿನವನ್ನೇ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಮೂರೇ ವರ್ಷಕ್ಕೆ ಮಹಾಯುದ್ಧ ಬಂತು. ಅಂಚೆ ಮತ್ತು ತಂತಿ ಇಲಾಖೆಯ ಸಿಬ್ಬಂದಿ ಮೆಸಪೊಟೇಮಿಯಾದ ಮರಳಿಗೆ ಹೋದರು. ನಿನ್ನೆಯವರೆಗೆ ಊರ ಜನರ ಸಾವು, ಮದುವೆಗಳ ತಾರು ಬಡಿಯುತ್ತಿದ್ದವರು ಇಂದು ದಂಡಿನ ಆಜ್ಞೆ ಬಡಿಯತೊಡಗಿದರು. ಹೆಸರಿಗೆ ಮೀಸಲು ದಳವಲ್ಲ, ಕೆಲಸಕ್ಕೆ ಮಾತ್ರ ಅದೇ.

ಸ್ವಾತಂತ್ರ್ಯದ ನಂತರ ಈ ವಿಚಾರಕ್ಕೆ ಕಾಯಿದೆಯ ರೂಪ ಬಂತು. ಪ್ರಾದೇಶಿಕ ಸೇನೆಯ ಕಾಯಿದೆ 1948ರದು. 1949ರ ಅಕ್ಟೋಬರ್ 9ರಂದು ರಾಜಾಜಿಯವರು ಆ ಸೇನೆಯನ್ನು ಉದ್ಘಾಟಿಸಿದರು. ಉದ್ಯೋಗದಲ್ಲಿರುವವನು ಉದ್ಯೋಗ ಬಿಡದೆ, ವರ್ಷಕ್ಕೆ ಒಂದೆರಡು ತಿಂಗಳು ಸಮವಸ್ತ್ರ ತೊಟ್ಟು ತರಬೇತಿ ಪಡೆಯುವುದು, ಕರೆ ಬಂದಾಗ ಹೊರಡುವುದು: ಇಷ್ಟೇ ಅದರ ತಿರುಳು. ಆರಂಭದಲ್ಲಿ ಕಾಲ್ದಳದ ಜೊತೆಗೆ ಎಂಜಿನಿಯರ್, ವೈದ್ಯಕೀಯ, ಸಿಗ್ನಲ್ಸ್ ಘಟಕಗಳೂ ಅದರಲ್ಲಿದ್ದವು.

ಇದೇ ಕಾಲದಲ್ಲಿ ಕರ್ನಾಟಕದ ಪಾಲೂ ದೊಡ್ಡದಾಯಿತು. 1954ರಲ್ಲಿ ಕೊಡಗಿನ ಎ. ಸಿ. ಅಯ್ಯಪ್ಪನವರು ಸಿಗ್ನಲ್ಸ್ ದಳದ ಮೊದಲ ಭಾರತೀಯ ಮುಖ್ಯಸ್ಥರಾದರು. ಅದೇ ವರ್ಷ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. ಸೇನೆಗೆ ಬೇಕಾದ ರೇಡಿಯೋ ಸೆಟ್ಟುಗಳನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ದೇಶ ಅವನ್ನು ಜಾಲಹಳ್ಳಿಯಲ್ಲಿ ಮಾಡಲು ಕಲಿಯಿತು.

ಆದರೆ 1962 ಬಂದಾಗ ಆ ಕಲಿಕೆ ಇನ್ನೂ ಎಳಸು. ಅಕ್ಟೋಬರ್ 20ರ ಬೆಳಗ್ಗೆ ನಮ್ಕಾ ಚು ಹೊಳೆಯ ದಂಡೆಯಲ್ಲಿ ಚೀನೀ ಫಿರಂಗಿಗಳು ಮೊಳಗುತ್ತಿದ್ದಂತೆ ನಮ್ಮ 7ನೇ ಬ್ರಿಗೇಡಿನ ದೂರವಾಣಿ ತಂತಿಗಳು ಕಡಿದುಹೋದವು. ಪಕ್ಕದ ತುಕಡಿ ಉಳಿದಿದೆಯೋ ಅಳಿದಿದೆಯೋ ಎಂಬುದೇ ಗೊತ್ತಾಗದ ಸ್ಥಿತಿ. ಬ್ರಿಗೇಡಿಯರ್ ಜಾನ್ ದಳವಿ ಎರಡು ದಿನಗಳ ನಂತರ ಸೆರೆ ಸಿಕ್ಕರು. ಆ ಸೋಲಿಗೆ ಕಾರಣಗಳು ಹಲವು, ಸಂಪರ್ಕವೊಂದನ್ನೇ ದೂರಲಾಗದು. ಆದರೂ ಕಿವಿ ಬಾಯಿಗಳಿಲ್ಲದ ಸೈನ್ಯ ಎಷ್ಟು ಗಟ್ಟಿಯಾದರೇನು?

1963ರಲ್ಲಿ ಕಾಲೇಜು ಹುಡುಗರಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. ನಿಮ್ಮ ಮನೆಯ ಹಿರಿಯರು ಆ ಖಾಕಿ ಚಡ್ಡಿಯ ನೆನಪನ್ನು ನಗುತ್ತಾ ಹೇಳಿರಬಹುದು. ಎನ್.ಸಿ.ಸಿ.ಯ ಸಿಗ್ನಲ್ ಘಟಕಗಳಲ್ಲಿ ಅವರಲ್ಲಿ ಕೆಲವರು ತಂತಿ ಸುರುಳಿ ಬಿಚ್ಚಿ ಓಡುವುದನ್ನೂ ವೈರ್‌ಲೆಸ್‌ನಲ್ಲಿ ಚುಟುಕಾಗಿ ಮಾತಾಡುವುದನ್ನೂ ಕಲಿತರು. ಎರಡನೆಯದು ನಮ್ಮ ಭಾಷಣಕಾರರೂ ಕಲಿಯಬೇಕಾದ ವಿದ್ಯೆ! 1968ರಲ್ಲಿ ಕಡ್ಡಾಯ ಹೋಯಿತು. 1970ರ ದಶಕದ ಆರಂಭದ ಹೊತ್ತಿಗೆ ಪ್ರಾದೇಶಿಕ ಸೇನೆಯ ಸಿಗ್ನಲ್ಸ್ ಘಟಕಗಳೂ ಮುಚ್ಚಿದವು ಇಲ್ಲವೇ ಖಾಯಂ ಸೇನೆಯಲ್ಲಿ ಸೇರಿದವು. ನನಗೆ ಇದು ಅರ್ಧ ಸರಿ, ಅರ್ಧ ತಪ್ಪು ಎನಿಸುತ್ತದೆ. ಉಪಕರಣಗಳು ಜಟಿಲವಾದಂತೆ ವರ್ಷಕ್ಕೆ ಒಂದೆರಡು ತಿಂಗಳ ಅಭ್ಯಾಸ ಸಾಲದು, ನಿಜ. ಆದರೆ ಆ ಉಪಕರಣಗಳನ್ನು ವರ್ಷವಿಡೀ ಮುಟ್ಟುವ ನಾಗರಿಕ ನೌಕರರು ದೂರವಾಣಿ ಇಲಾಖೆಯಲ್ಲೇ ಇದ್ದರಲ್ಲ!

ಆ ಇಲಾಖೆಯ ಉತ್ತರಾಧಿಕಾರಿ ಬಿ.ಎಸ್.ಎನ್.ಎಲ್. 2013ರ ಜುಲೈಯಲ್ಲಿ ತಂತಿ ಸೇವೆಯನ್ನೇ ನಿಲ್ಲಿಸಿತು. ಮೀಸಲು ಸಿಪಾಯಿಗೆ ಕರೆ ಬರುವುದು ಮಾತ್ರ ನಿಲ್ಲಲಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಾದೇಶಿಕ ಸೇನೆಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಕಾಲ್ದಳ ಬೆಟಾಲಿಯನ್‌ಗಳಲ್ಲಿ 14ನ್ನು ಸೇವೆಗಿಳಿಸಲು ಅನುಮತಿ ನೀಡಿತು. ಕಾಲ್ದಳದ ಬೆಟಾಲಿಯನ್ ಎಂದಮೇಲೆ ಅದಕ್ಕೊಂದು ಸ್ವಂತ ಸಿಗ್ನಲ್ ಪ್ಲಟೂನು ಇರುತ್ತದೆ. ಅಂಗಡಿಯ ಬಾಗಿಲೆಳೆದು, ಹೊಲವನ್ನು ತಮ್ಮನಿಗೊಪ್ಪಿಸಿ ಹೊರಟವನ ಬೆನ್ನಿಗೆ ರೇಡಿಯೋ ಸೆಟ್ಟು ಏರುವುದು ಅಲ್ಲಿ.